ಎರಡು ವರ್ಷ ಬಾಳುವ ಗಾಡಿ

ಜರ್ಮನಿಯ ಕಲೋನ್ ನಗರದ ಹೊರಗಿನ ಒಂದು ಕಾರ್ಖಾನೆಯಲ್ಲಿ ನಿಜಲಿಂಗಪ್ಪ ಇಪ್ಪತ್ತೆರಡು ವರ್ಷಗಳಿಂದ ಕಾರುಗಳ ಮೇಲೆ ನೀರು ಸುರಿಯುವ ಕೆಲಸ ಮಾಡುತ್ತಿದ್ದಾರೆ. ಬಾಗಲಕೋಟೆಯ ನೆಂಟರಿಗೆ ಇದನ್ನು ಹೇಳಿದಾಗಲೆಲ್ಲ ಅವರು ನಗುತ್ತಾರೆ. ಹೊಸ ಮಾದರಿಯ ಕಾರನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ, ಎಲ್ಲ ದಿಕ್ಕಿನಿಂದ ಜೋರು ಮಳೆಯಂತೆ ನೀರು ಹೊಡೆದು, ಆಮೇಲೆ ಒಳಗೆ ಕೂತು ಬಾಗಿಲಿನ ರಬ್ಬರ್ ಪಟ್ಟಿಯ ಗುಂಟ ಬೆರಳಾಡಿಸಿ ತೇವ ಹುಡುಕಬೇಕು. ತೇವ ಅಳೆಯುವ ಯಂತ್ರ ಇದೆ. ಆದರೂ ಜೊತೆಗಾರರು ಕೊನೆಗೆ ಅವರನ್ನೇ ಕರೆದು, "ನೀವೊಮ್ಮೆ ಮುಟ್ಟಿ ನೋಡಿ" ಅನ್ನುತ್ತಾರೆ.

ಅವರ ಹೆಂಡತಿ ಕಾಂತಾಮಣಿ ಮನೆಯ ಹತ್ತಿರವೇ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಮದುವೆಯ ಗೌನು ಬಿಗಿ ಮಾಡುವುದು ಇಂಥವು. ಒಂದು ಸೆಪ್ಟೆಂಬರ್‌ನಲ್ಲಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಚಾಳೀಸು ಬದಲಿಸಿದರು. ಅಕ್ಟೋಬರ್‌ನಲ್ಲಿ ಗಿರಾಕಿಯ ಎದುರೇ ಕತ್ತರಿ ಕೈಯಿಂದ ಜಾರಿ ಬಿತ್ತು. ನವೆಂಬರ್‌ನಲ್ಲಿ ಆಸ್ಪತ್ರೆಯ ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿಕೊಂಡು ಕಾಯಿಲೆಯ ಹೆಸರು ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ, ಮೊದಲು ಕೈ, ಆಮೇಲೆ ಕಾಲು, ಮಾತು, ಕೊನೆಗೆ ಉಸಿರು.

"ಎರಡು ವರ್ಷ, ಮೂರು ವರ್ಷ. ಕೆಲವರಿಗೆ ಇನ್ನೂ ಕಡಿಮೆ" ಅಂದರು ಡಾಕ್ಟರು.

ನಿಜಲಿಂಗಪ್ಪ ಆ ಮಾತನ್ನು ಕೇಳಿಸಿಕೊಂಡರು, ಒಪ್ಪಿಕೊಳ್ಳಲಿಲ್ಲ. ಕಾಂತಾಮಣಿ ಒಪ್ಪಿಕೊಂಡರು. ಮನೆಗೆ ಬಂದು ಎರಡು ದಿನ ಅತ್ತು, ಮೂರನೇ ದಿನ ಬೆಳಗಿನ ಚಹಾಕ್ಕೆ ಕೂತಾಗ ಹೇಳಿದರು, "ರೀ, ನನಗ ಒಂದು ಆಸೆ ಐತಿ. ಸಮುದ್ರದ ಮುಂದ ಎದ್ದು ಕಣ್ಣು ಬಿಡಬೇಕು. ಹೋಟೆಲ್ ಬ್ಯಾಡ. ನನ್ನ ಹಾಸಿಗಿ, ನನ್ನ ಒಲಿ, ನನ್ನ ಚಾ ಪುಡಿ ಡಬ್ಬಿ ಎಲ್ಲಾ ನನ್ನ ಸಂಗಾಟ ಬರಬೇಕು. ಈ ಮಂದಿ ವೋನ್‌ಮೊಬಿಲ್ ಅಂತ ಮನಿಯಂಥಾ ಗಾಡಿ ತಗೊಂಡು ಹೊಕ್ಕಾರಲ್ಲ, ಅಂಥಾದ್ದೊಂದು ತರೂಣು."

ಇಪ್ಪತ್ತೈದು ವರ್ಷದಲ್ಲಿ ಅವರು ಜರ್ಮನಿಯಲ್ಲಿ ಎಲ್ಲಿಗೂ ಹೋದವರಲ್ಲ. ಎರಡು ವರ್ಷಕ್ಕೊಮ್ಮೆ ಬಾಗಲಕೋಟೆ, ಉಳಿದ ರಜೆಯಲ್ಲಿ ಮನೆಯ ಯಾವುದಾದರೂ ದುರಸ್ತಿ. ಕಾಂತಾಮಣಿ ಏನನ್ನೂ ಕೇಳಿದವರೂ ಅಲ್ಲ. ನಿಜಲಿಂಗಪ್ಪ ಮರುದಿನವೇ ಗಾಡಿ ಹುಡುಕುವ ಕೆಲಸ ಶುರು ಮಾಡಿದರು.

ಕಾಲು ಸೋತಮೇಲೆ ಕಾಂತಾಮಣಿಗೆ ಗಾಲಿಕುರ್ಚಿ ಬರುತ್ತದೆ, ಅದು ಗಾಡಿಯೊಳಗೆ ತಿರುಗಬೇಕಾದರೆ ಒಂದೂವರೆ ಮೀಟರ್ ಜಾಗ ಬೇಕು. ಸಾಧಾರಣ ಮೋಟರ್‌ಹೋಮ್‌ನಲ್ಲಿ ಹಾಸಿಗೆ, ಒಲೆ, ಕಪಾಟು ಕೂಡಿಸಿದರೆ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಹಾಗಾಗಿ ಸ್ಲೈಡ್-ಔಟ್ ಇರುವ ಗಾಡಿಯೇ ಬೇಕು ಎಂದಾಯಿತು. ಗುಂಡಿ ಒತ್ತಿದರೆ ಗೋಡೆಯ ಒಂದು ಭಾಗ ಮೇಜಿನ ಡ್ರಾಯರ್‌ನ ಹಾಗೆ ಹೊರಗೆ ಸರಿಯುತ್ತದೆ, ಒಳಗೆ ಒಂದು ಕೋಣೆಯಷ್ಟು ಜಾಗ ಬಿಡುತ್ತದೆ, ಹೊರಡುವಾಗ ಮತ್ತೆ ಒಳಗೆ ಬರುತ್ತದೆ. ಆದರೆ ಅದರ ಮೋಟರು, ಹಳಿ, ಚೌಕಟ್ಟು ಸೇರಿ ಗಾಡಿ ಭಾರವಾಗುತ್ತದೆ. ಅಗಲ ಬಾಗಿಲು, ಗಾಲಿಕುರ್ಚಿ ಎತ್ತುವ ಲಿಫ್ಟು ಸೇರಿದರೆ ಮೂರೂವರೆ ಟನ್ ದಾಟುವುದು ಖಂಡಿತ. ಅಂಥದ್ದನ್ನು ಓಡಿಸಲು ಅವರ ಲೈಸೆನ್ಸ್ ಸಾಲದು. ಐವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಶಾಲೆಗೆ ಸೇರಿ, ಕಣ್ಣಿನ ಪರೀಕ್ಷೆ ಮಾಡಿಸಿ, ಹದಿನೆಂಟರ ಹುಡುಗರ ನಡುವೆ ಕೂತು ಪರೀಕ್ಷೆ ಬರೆದು, ಮಾರ್ಚ್ ಹೊತ್ತಿಗೆ ಲಾರಿ ಓಡಿಸುವ ಲೈಸೆನ್ಸ್ ತಂದರು. ಅಷ್ಟರಲ್ಲಿ ಕಾಂತಾಮಣಿ ಗಾಲಿಕುರ್ಚಿಗೆ ಬಂದಿದ್ದರು.

ಏಪ್ರಿಲ್‌ನಲ್ಲಿ ಮೊದಲ ಗಾಡಿ ಸಿಕ್ಕಿತು. ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ ಓಲ್ಟ್‌ಮನ್ ಎಂಬ ವಯಸ್ಸಾದ ಹೆಂಗಸು ಮಾರಾಟಕ್ಕೆ ಇಟ್ಟಿದ್ದರು. ಹದಿನಾರು ವರ್ಷ ಹಳೆಯದು. ಅವರ ಗಂಡನೂ ಗಾಲಿಕುರ್ಚಿಯಲ್ಲಿದ್ದವರು, ಹಾಗಾಗಿ ಲಿಫ್ಟು, ಅಗಲ ಬಾಗಿಲು ಎರಡೂ ಇದ್ದವು.

ಗಂಡ ಹೆಂಡತಿ ಇಬ್ಬರೂ ಹೋದರು. ಓಲ್ಟ್‌ಮನ್ ಏನನ್ನೂ ಮುಚ್ಚಿಡಲಿಲ್ಲ. "ಇದು ಮಗುವಿನ ಹಾಗೆ, ನೋಡಿಕೊಳ್ಳಬೇಕು. ಗಾಡಿ ಸಮತಟ್ಟಾಗಿ ನಿಲ್ಲದೆ ಗುಂಡಿ ಒತ್ತಬೇಡಿ, ಒಂದು ಬದಿ ಎಳೆದುಕೊಂಡು ಚೌಕಟ್ಟು ಸೊಟ್ಟಗಾಗುತ್ತದೆ. ಒಳಗೆ ತೆಗೆದುಕೊಳ್ಳುವ ಮೊದಲು ಏಣಿ ಹಾಕಿ ಮೇಲಿನ ಎಲೆ, ಕಡ್ಡಿ ಗುಡಿಸಿ. ಒಂದು ಕಡ್ಡಿ ಸಿಕ್ಕಿಕೊಂಡರೂ ರಬ್ಬರ್ ಹರಿಯುತ್ತದೆ. ರಬ್ಬರನ್ನು ವರ್ಷಕ್ಕೆ ಎರಡು ಸಲ ಒರೆಸಿ ಪುಡಿ ಹಚ್ಚಿ. ಮೋಟರ್ ಕೈಕೊಟ್ಟರೆ ಈ ಹಿಡಿಕೆ ಹಾಕಿ ಕೈಯಿಂದ ತಿರುಗಿಸಿ. ನಾನು ಎರಡು ಸಲ ತಿರುಗಿಸಿದ್ದೇನೆ, ಭುಜ ನೋಯುತ್ತದೆ."

ನಿಜಲಿಂಗಪ್ಪ ಎರಡು ಗಂಟೆ ನೋಡಿದರು. ಕೋಣೆಯನ್ನು ನಾಲ್ಕು ಸಲ ಹೊರಗೆ ಬಿಟ್ಟು ಒಳಗೆ ತೆಗೆದರು, ಮೋಟರಿನ ಸದ್ದಿಗೆ ಕಿವಿ ಕೊಟ್ಟರು, ಮಾಡಿನ ಮೇಲೆ ಹತ್ತಿದರು, ಗಾಡಿಯ ಕೆಳಗೆ ಮಲಗಿ ಹಳಿ ನೋಡಿದರು. ಕೊನೆಗೆ ಸ್ಲೈಡ್-ಔಟ್‌ನ ಹಿಂದಿನ ಮೂಲೆಯಲ್ಲಿ ನೆಲಹಾಸು ಎತ್ತಿ ಬೆರಳಿಟ್ಟರು. ಪ್ಲೈವುಡ್ ಹೆಬ್ಬೆರಳಿನ ಒತ್ತಡಕ್ಕೆ ತಗ್ಗಿತು.

ಅವರು ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಗ ಬೆನ್ನ ಹಿಂದೆ ಕಾಂತಾಮಣಿ ಕುರ್ಚಿಯ ಗುಂಡಿ ಒತ್ತಿ ಒಂದು ಸುತ್ತು ತಿರುಗಿದರು. ಪೂರ್ತಿ ಒಂದು ಸುತ್ತು, ಎಲ್ಲಿಯೂ ತಾಗದೆ. ಮತ್ತೊಂದು ಸುತ್ತು ತಿರುಗಿದರು.

"ರೀ, ನೋಡ್ರಿಲ್ಲೆ! ಗಿರಗಿಟ್ಲಿ ಆಗೀನಿ" ಅಂತ ನಕ್ಕರು. ನವೆಂಬರ್ ಆದಮೇಲೆ ಅವರು ಬಾಯಿತುಂಬ ನಕ್ಕಿದ್ದು ಅದೇ ಮೊದಲು.

"ಇದು ಬ್ಯಾಡ" ಅಂದರು ನಿಜಲಿಂಗಪ್ಪ. "ಮೂಲ್ಯಾಗ ನೀರು ಇಳದೈತಿ. ನೆಲಾ ಮೆತ್ತಗಾಗೇತಿ. ಹೆಚ್ಚಂದ್ರ ಎರಡು ವರ್ಷ ಬಾಳತೈತಿ, ಆಮ್ಯಾಲ ಗ್ವಾಡಿ ಸೈತ ಕೊಳಿತೈತಿ."

ಕಾಂತಾಮಣಿ ಕುರ್ಚಿ ನಿಲ್ಲಿಸಿದರು. "ಎರಡು ವರ್ಷ ಬಾಳತೈತಿ ಅಂದ್ರ ಸಾಕಲ್ರಿ ನಮಗ."

"ಹಂಗನ್ನಬ್ಯಾಡ."

"ನಾ ಏನ್ ತಪ್ಪು ಅಂದೆ? ಬ್ಯಾಸಿಗಿ ಬಂತು. ಈಗ ತಗೊಂಡ್ರ ಜೂನ್ ತಿಂಗಳದಾಗ ಹೋಗಬಹುದು."

"ಹತ್ತು ವರ್ಷ ಬಾಳೂದು ಸಿಗತೈತಿ, ಕಾಂತಾ. ಸ್ವಲ್ಪ ತಡಿ. ಹುಡುಕತೀನಿ."

ಕಾಂತಾಮಣಿ ಗಂಡನ ಮುಖ ನೋಡಿದರು. ಆಮೇಲೆ, "ಆತು, ನಿಮಗ ಗೊತ್ತಿರತೈತಿ" ಅಂದು ಲಿಫ್ಟಿನ ಕಡೆ ಕುರ್ಚಿ ತಿರುಗಿಸಿದರು.

ನೀರು ಇಳಿದಿದ್ದು ನಿಜ, ನೆಲ ಮೆತ್ತಗಾಗಿದ್ದೂ ನಿಜ. ಆದರೆ ನಿಜಲಿಂಗಪ್ಪ ಬೇಡ ಅಂದದ್ದು ಅದಕ್ಕಲ್ಲ. ಎರಡು ವರ್ಷದ ಗಾಡಿಗೆ ಕೈ ಹಾಕಿದರೆ ಡಾಕ್ಟರ ಮಾತಿಗೆ ಸಹಿ ಹಾಕಿದ ಹಾಗೆ ಎಂದು ಅವರಿಗೆ ಅನಿಸಿತ್ತು. ಹತ್ತು ವರ್ಷದ ಗಾಡಿ ತಂದರೆ ಹತ್ತು ವರ್ಷ ಹೆಂಡತಿ ಇರುತ್ತಾಳೆ ಎಂಬಂತೆ ಅವರು ಹುಡುಕಿದರು. ಇದು ಅವರಿಗೆ ಆಗ ತಿಳಿದಿರಲಿಲ್ಲ. ಬಹಳ ತಡವಾಗಿ ತಿಳಿಯಿತು.

ಬೇಸಿಗೆಯೆಲ್ಲ ಹುಡುಕಾಟದಲ್ಲೇ ಹೋಯಿತು. ಶನಿವಾರ ಬಂತೆಂದರೆ ತೇವ ಅಳೆಯುವ ಯಂತ್ರ, ಟಾರ್ಚು, ಮಟ್ಟಗೋಲು ಚೀಲದಲ್ಲಿ ಹಾಕಿಕೊಂಡು ಹೊರಡುವರು. ಒಂದರಲ್ಲಿ ಎರಡು ಮೋಟರು ಜೊತೆಜೊತೆಗೆ ಓಡದೆ ಕೋಣೆ ವಾರೆಯಾಗಿ ಹೊರಬರುತ್ತಿತ್ತು. ಇನ್ನೊಂದು ಅಮೆರಿಕದಿಂದ ತರಿಸಿದ್ದು, ಅದರ ರಬ್ಬರ್ ಹರಿದರೆ ಇಲ್ಲಿ ಸಿಗುವುದಿಲ್ಲ. ಮತ್ತೊಂದರಲ್ಲಿ ಎಲ್ಲ ಸರಿಯಿತ್ತು, ಆದರೆ ಕುರ್ಚಿ, ನೀರು, ಮಗಳೂ ಸೇರಿ ಮೂವರು ಮನುಷ್ಯರು ಹತ್ತಿದರೆ ಅನುಮತಿಯ ತೂಕ ಮೀರುತ್ತಿತ್ತು. ಮೊದಮೊದಲು ಕಾಂತಾಮಣಿ ಜೊತೆಗೆ ಬರುತ್ತಿದ್ದರು. ಜುಲೈ ನಂತರ ಬರಲಿಲ್ಲ. ಆಗಸ್ಟ್‌ನಲ್ಲಿ ಅವರ ಮಾತು ತೊದಲತೊಡಗಿತು. ಸೆಪ್ಟೆಂಬರ್‌ನಲ್ಲಿ ಮಗಳು ಪವಿ ಎಷ್‌ಬಾರ್ನ್ ಎಂಬ ಊರಿನಲ್ಲಿದ್ದ ತನ್ನ ಕೆಲಸಕ್ಕೆ ರಜೆ ಹಾಕಿ ಮನೆಗೇ ಬಂದು ನಿಂತಳು.

ಪವಿ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಅರ್ಧ ಜರ್ಮನ್‌ನಲ್ಲಿ. ಒಂದು ಸಂಜೆ ಅವಳು ಕೇಳಿದಳು, "ಅಪ್ಪಾ, ಒಂದು ಬಾಡಿಗೆಗೆ ತಗೊಂಡು ಹೋಗಬಹುದಲ್ಲಾ? ಆಯ್ನ್‌ಫಾಖ್, ಸುಮ್ನೆ ಮೂರು ದಿನ?"

"ಬಾಡಿಗಿ ಗಾಡ್ಯಾಗ ಕುರ್ಚಿ ತಿರಗಂಗಿಲ್ಲವ್ವಾ. ಇನ್ನೊಂದು ಸ್ವಲ್ಪ ದಿನ, ಹ್ಯಾಂಬರ್ಗ್‌ದಾಗ ಒಂದು ಐತಿ."

ಹ್ಯಾಂಬರ್ಗ್‌ನ ಗಾಡಿ ನಿಜಕ್ಕೂ ಒಳ್ಳೆಯದಿತ್ತು. ಐದೇ ವರ್ಷದ್ದು, ಮನೆಯಲ್ಲಿ ಕಾಯಿಲೆಯ ಮಗನಿದ್ದ ಕುಟುಂಬದ್ದು. ಮೂಲೆಗಳು ಒಣಗಿದ್ದವು, ಕೋಣೆ ಸದ್ದಿಲ್ಲದೆ ಸರಿಯುತ್ತಿತ್ತು. ಅಕ್ಟೋಬರ್ ಕೊನೆಯಲ್ಲಿ ಮಳೆಯಲ್ಲೇ ಅದನ್ನು ಓಡಿಸಿಕೊಂಡು ಬಂದರು. ನಾನೂರು ಕಿಲೋಮೀಟರ್ ದಾರಿಯುದ್ದಕ್ಕೂ, ಬಾಗಿಲಲ್ಲಿ ನಿಲ್ಲಿಸಿ ಹೆಂಡತಿಯನ್ನು ಹೇಗೆ ಕರೆಯಬೇಕು ಎಂದು ಯೋಚಿಸುತ್ತಿದ್ದರು.

ಅವರು ಊರಲ್ಲಿಲ್ಲದ ಆ ಎರಡು ದಿನದಲ್ಲಿ ಮನೆಗೆ ಹೊಸ ಗಾಲಿಕುರ್ಚಿ ಬಂದಿತ್ತು. ಕಾಂತಾಮಣಿಗೆ ಕತ್ತು ನಿಲ್ಲುತ್ತಿರಲಿಲ್ಲ, ಉಸಿರಿಗೆ ಯಂತ್ರ ಬೇಕಾಗಿತ್ತು. ಹಿಂದಕ್ಕೆ ಒರಗಿದ ಬೆನ್ನು, ತಲೆಗೆ ಆಸರೆ, ಹಿಂದೆ ಯಂತ್ರ ಇಡುವ ತಟ್ಟೆ. ಹಳೆಯ ಕುರ್ಚಿಗಿಂತ ಇದು ಎರಡು ಗೇಣು ಉದ್ದ.

ದೂರ ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿದರು. ಮನೆಗೆ ಬರುವ ನರ್ಸ್ ಮಾತ್ರ ಒಂದು ಮಧ್ಯಾಹ್ನಕ್ಕೆ ಒಪ್ಪಿ, ತಾನೂ ಬರುತ್ತೇನೆ ಅಂದಳು. ನವೆಂಬರ್‌ನ ಒಂದು ಬಿಸಿಲಿನ ದಿನ, ಇಪ್ಪತ್ತು ನಿಮಿಷ ದೂರದ ರೈನ್ ನದಿಯ ದಂಡೆಗೆ ಹೋದರು. ನಿಜಲಿಂಗಪ್ಪ ಗಾಡಿ ಸಮತಟ್ಟು ಮಾಡಿ ಗುಂಡಿ ಒತ್ತಿದರು. ಕೋಣೆ ಹೊರಗೆ ಹೋಯಿತು. ನದಿಯ ಕಡೆಗೆ ದೊಡ್ಡ ಕಿಟಕಿ. ಕುರ್ಚಿಯನ್ನು ಬಾಗಿಲಿನಿಂದ ಒಳಗೆ ತಂದು ಕಿಟಕಿಯ ಕಡೆ ತಿರುಗಿಸಲು ಹೋದರೆ ಅರ್ಧಕ್ಕೇ ತಡೆಯಿತು. ಮುಂದೆ ಕಾಲಿನ ಹಲಗೆ ಕಪಾಟಿಗೆ ತಾಗಿತು, ಹಿಂದೆ ಉಸಿರಿನ ಯಂತ್ರ ಒಲೆಯ ಕಟ್ಟೆಗೆ ತಾಗಿತು.

ಅವರು ಮೇಜು ಬಿಚ್ಚಿದರು. ಬೆಂಚಿನ ಸ್ಕ್ರೂ ತೆಗೆದರು. ಪವಿ ಮತ್ತು ನರ್ಸ್ ಹಿಂದಿನಿಂದ ಎತ್ತಿ ನೋಡಿದರು. ಹದಿನೈದು ನಿಮಿಷ ಹಾಗೇ ಒದ್ದಾಡಿದರು. ಕಾಂತಾಮಣಿ ಕಪಾಟಿಗೆ ಮುಖ ಮಾಡಿ ಕೂತಿದ್ದರು.

ಪವಿಯೇ ಮೊದಲು ನಿಲ್ಲಿಸಿದಳು. "ಅಪ್ಪಾ, ಸಾಕು. ಅಮ್ಮಾ ಏನೋ ಹೇಳ್ತಾ ಇದಾಳೆ."

ಮಾತು ಪೂರ್ತಿ ನಿಂತಮೇಲೆ, ಕನ್ನಡದ ಅಕ್ಷರಗಳನ್ನು ಬರೆದ ಒಂದು ಗಾಜಿನ ಹಲಗೆಯನ್ನು ಪವಿ ತಾಯಿಯ ಮುಂದೆ ಹಿಡಿಯುತ್ತಿದ್ದಳು. ತಾಯಿ ಕಣ್ಣಿನಿಂದ ಒಂದೊಂದೇ ಅಕ್ಷರ ನೋಡಿದರೆ ಅವಳು ಓದಬೇಕು. ಪವಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅದಕ್ಕಾಗಿಯೇ ಒಂದು ತಿಂಗಳು ಕೂತು ಕಲಿತಿದ್ದಳು. ತಡವರಿಸುತ್ತ ಓದಿದಳು, "ಇ... ರ... ಲಿ. ಚಾ... ಮಾ... ಡ್ರಿ."

ಚಹಾ ಕುಡಿಯಲು ಕಾಂತಾಮಣಿಗೆ ಆಗುತ್ತಿರಲಿಲ್ಲ. ಆದರೂ ನಿಜಲಿಂಗಪ್ಪ ಶುಂಠಿ ಜಜ್ಜಿ ಹಾಕಿ ಚಹಾ ಕುದಿಸಿದರು. ಗಾಡಿಯ ತುಂಬ ವಾಸನೆ ಹರಡಿತು. ನರ್ಸ್ ಒಂದು ಕ್ಷಣ ಕಾಂತಾಮಣಿಯ ಮುಖದ ಮೇಲಿನ ಉಸಿರಿನ ಮಾಸ್ಕ್ ಸರಿಸಿದಳು, ಅವರು ಪಾತ್ರೆಯನ್ನು ಹೆಂಡತಿಯ ಮೂಗಿನ ಹತ್ತಿರ ಹಿಡಿದರು. ಕಾಂತಾಮಣಿ ಕಣ್ಣು ಮುಚ್ಚಿದರು. ನಾಲ್ಕು ಗಂಟೆಗೆಲ್ಲ ಮನೆಗೆ ಮರಳಿದರು.

ಜನವರಿಯ ಇಪ್ಪತ್ತನೇ ತಾರೀಖು, ಬೆಳಗಿನ ಹನ್ನೊಂದು ಗಂಟೆಗೆ, ಕಾಂತಾಮಣಿ ತಮ್ಮ ಮಂಚದ ಮೇಲೆಯೇ ತೀರಿಕೊಂಡರು. ಡಾಕ್ಟರು ಹೇಳಿದ ಎರಡು ವರ್ಷವೂ ಆಗಿರಲಿಲ್ಲ. ಹದಿನಾಲ್ಕು ತಿಂಗಳು. ಕಲೋನ್‌ನ ಸ್ಮಶಾನದಲ್ಲಿ ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಮಾಡಿದರು. ನೆಲ ಹೆಪ್ಪುಗಟ್ಟಿತ್ತು, ಹಿಡಿಮಣ್ಣು ಹೆಂಟೆಯಾಗಿ ಬಿತ್ತು.

ಗಾಡಿ ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ನಿಜಲಿಂಗಪ್ಪ ಮಾರಲಿಲ್ಲ. ಜೂನ್‌ನಲ್ಲಿ ಪವಿಯೇ ಹಟ ಹಿಡಿದು, ಅಪ್ಪನನ್ನು ಕರೆದುಕೊಂಡು ಉತ್ತರ ಸಮುದ್ರದ ದಂಡೆಗೆ ಹೊರಟಳು. ಅಲ್ಲಿ ಗಾಡಿ ನಿಲ್ಲಿಸುವ ಜಾಗ ಇಕ್ಕಟ್ಟು, ಪಕ್ಕದಲ್ಲೇ ಇನ್ನೊಂದು ಗಾಡಿ. ಕೋಣೆ ಹೊರಗೆ ಬಿಡಲು ಆಗಲಿಲ್ಲ. ಹಾಗೇ ಇದ್ದರು. ಇಬ್ಬರಿಗೆ ಸಾಕಾಗಿತ್ತು.

ಎರಡನೇ ದಿನ ಬೆಳಿಗ್ಗೆ ಪವಿ ಉಪ್ಪಿಟ್ಟು ಮಾಡಿದಳು. ತಟ್ಟೆ ಹಿಡಿದು ಕೂತಾಗ ನಿಜಲಿಂಗಪ್ಪ ಓಲ್ಟ್‌ಮನ್ನರ ಗಾಡಿಯ ಸಂಗತಿ ಮಗಳಿಗೆ ಹೇಳಿದರು. ಕಾಂತಾಮಣಿ ಅಲ್ಲಿ ಏನು ಕೇಳಿದರು, ತಾವು ಏನಂದರು, ಯಾಕೆ ಅಂದರು, ಎಲ್ಲ. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಪವಿ ಬೆರಳಲ್ಲಿ ತಿಂಗಳು ಎಣಿಸಿದಳು. ಆಮೇಲೆ ಹೇಳಿದಳು, "ಅಂದ್ರೆ ಜೂನ್‌ನಲ್ಲೇ ಬರಬಹುದಿತ್ತು. ಅಮ್ಮಾ ಮಾತಾಡ್ತಾ ಇದ್ಲು ಆವಾಗ."

"ಹೂಂ."

"ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಬರ್ತಾ ಇದೆ, ಅಪ್ಪಾ. ಸೋ ವ್ಯೂಟೆಂಡ್, ಅಷ್ಟು ಸಿಟ್ಟು. ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಬರಲಿ. ಬರಬೇಕಾದ್ದ ಅದು" ಅಂದರು ಅವರು. ತಟ್ಟೆ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಪವಿ ಎದ್ದು ಹೊರಗೆ ಹೋಗಿ ದಂಡೆಯ ಗುಂಟ ನಡೆದಳು. ಮಧ್ಯಾಹ್ನದ ಊಟದ ಹೊತ್ತಿಗೆ ತಿರುಗಿ ಬಂದಳು. ಅವರು ಪಾತ್ರೆ ತೊಳೆದಿಟ್ಟು, ಅನ್ನಕ್ಕೆ ಇಟ್ಟಿದ್ದರು. ಇಬ್ಬರೂ ಕೂತು ಉಂಡರು.

ಈಗಲೂ ಅವಳು ಭಾನುವಾರ ಫೋನ್ ಮಾಡುತ್ತಾಳೆ. ಆ ಮಾತು ಮತ್ತೆ ಬಂದಿಲ್ಲ, ಮರೆತೂ ಹೋಗಿಲ್ಲ. ಗಾಡಿ ನಿಜಲಿಂಗಪ್ಪನವರ ಕಾರ್ಖಾನೆಯ ಹಿಂದಿನ ಬಯಲಲ್ಲಿ ನಿಂತಿದೆ. ಪವಿ ತನ್ನ ಗೆಳತಿಯರ ಜೊತೆ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ಅದಕ್ಕಾಗಿ ಅವಳೂ ಈಗ ಲಾರಿಯ ಲೈಸೆನ್ಸ್‌ಗೆ ಕಲಿಯುತ್ತಿದ್ದಾಳೆ.