ಸುಬೇದಾರನಿಗೆ ಕುಡಿಸಿದ ಉಳ್ಳಾಗಡ್ಡಿ ರಸ

ಬೆಕ್ಕಿಗೆ ಬೇರೆ ಊಟ, ಮನುಷ್ಯರಿಗೆ ಬೇರೆ ಊಟ ಎಂಬ ಭೇದವನ್ನು ನಮ್ಮ ಕಡೆ ಇನ್ನೂ ಯಾರೂ ಕಂಡುಹಿಡಿದಿರದ ದಿನಗಳವು. ಹನುಮಸಾಗರದ ನಮ್ಮ ಮನೆಯಲ್ಲಿ ಒಲೆಯ ಮೇಲೆ ಏನು ಬೇಯುತ್ತಿತ್ತೋ ಅದನ್ನೇ, ಎತ್ತುಗಳೆರಡನ್ನು ಬಿಟ್ಟು, ಉಳಿದವರೆಲ್ಲರೂ ಉಣ್ಣುತ್ತಿದ್ದೆವು. ಆ ಉಳಿದವರಲ್ಲಿ ಸುಬೇದಾರನೂ ಒಬ್ಬ.

ಸುಬೇದಾರ ನಮ್ಮ ಬೆಕ್ಕು. ಬೂದು ಬಣ್ಣದ ಮೈ, ಬಿಳಿ ಎದೆ, ಒಂದು ಕಿವಿಯ ತುದಿ ಯಾವುದೋ ಹಳೆಯ ಜಗಳದಲ್ಲಿ ಹರಿದದ್ದು. ಹೆಸರಿಟ್ಟವನು ನಮ್ಮ ಕಾಕಾ. ನಿಜಾಮನ ಕಾಲದ ಸುಬೇದಾರರನ್ನು ಕಾಕಾ ಕಣ್ಣಾರೆ ಕಂಡವನಲ್ಲ. ಆದರೆ ಒಳಗೆ ಬರುವಾಗ ಯಾರನ್ನೂ ಕೇಳದೆ, ಹೊರಗೆ ಹೋಗುವಾಗ ಯಾರಿಗೂ ಹೇಳದೆ, ಬಂದಾಗಲೆಲ್ಲ ಒಲೆಯ ಮುಂದೆ ಕೂತು ತಪಾಸಣೆ ನಡೆಸುವ ಪ್ರಾಣಿಗೆ ಬೇರೆ ಯಾವ ಹುದ್ದೆ ಕೊಡಲಿಕ್ಕೆ ಬರುತ್ತದೆ ಎಂಬುದು ಅವನ ವಾದ. ಮನೆಯಲ್ಲಿ ಯಾರೂ ಅದನ್ನು ವಿರೋಧಿಸಲಿಲ್ಲ.

ನಮ್ಮದು ಮಾಂಸದ ಹೆಸರೆತ್ತದ ಮನೆ. ಆಯಿ, ಅಂದರೆ ನಮ್ಮಪ್ಪನ ತಾಯಿ, ಬೆಳಗಿನ ಪೂಜೆ ಮುಗಿಸಿ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಬೆರಳಿಗೆ ಉಳಿದದ್ದನ್ನು ಸುಬೇದಾರನ ಹಣೆಗೆ ಎಳೆಯುತ್ತಿದ್ದಳು. ಹೀಗಾಗಿ ಅವನು ದೀಕ್ಷೆ ಪಡೆದ ಬೆಕ್ಕೆಂದೇ ನಮ್ಮ ಓಣಿಯಲ್ಲಿ ಲೆಕ್ಕ. ಇಲಿ ಹಿಡಿಯುತ್ತಿದ್ದ, ನಿಜ. ಅದು ಇಲಾಖೆಯ ಕೆಲಸ. ಅದನ್ನು ಬಣವೆಯ ಹಿಂದೆ ಮುಗಿಸಿ, ಬಾಯಿ ಮೀಸೆ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಒಳಗೆ ಬರುತ್ತಿದ್ದ. ಮನೆಯಲ್ಲಿ ಮಾತ್ರ ಅವನ ಊಟ ರೊಟ್ಟಿ, ಹಾಲು, ಜುಣಕ.

ಜುಣಕವೆಂದರೆ ಅವನಿಗೆ ಪ್ರಾಣ. ಕಡಲೆ ಹಿಟ್ಟು ಬಾಣಲೆಗೆ ಬೀಳುವುದಕ್ಕೂ ಮೊದಲು, ಹೆಚ್ಚಿದ ಉಳ್ಳಾಗಡ್ಡಿ ಎಣ್ಣೆಯಲ್ಲಿ ಕೆಂಪಾಗುವ ವಾಸನೆಗೇ ಎದ್ದು ಬರುತ್ತಿದ್ದ. ಆಯಿ ಬಿಸಿ ರೊಟ್ಟಿ ಮುರಿದು, ಮೇಲೆ ಜುಣಕ ಹಾಕಿ, ಊದಿ ಆರಿಸಿ ಮುಂದಿಡುತ್ತಿದ್ದಳು.

"ಯವ್ವಾ, ನನಗ ಹಿಂಗ ಊದಿ ಕೊಟ್ಟಿದ್ದೇನು?" ಎಂದು ಕಾಕಾ ಕೇಳುತ್ತಿದ್ದ.

"ನಿನಗ ಬಾಯಿ ಐತಿ, ಊದ್ಕೊ."

ಆಯಿಗೂ ಉಳ್ಳಾಗಡ್ಡಿ ಇಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಅವಳು ಅದನ್ನು ಕೊಯ್ಯುತ್ತಿರಲಿಲ್ಲ. ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದೇ ಗುದ್ದು. ಅದು ನಾಲ್ಕು ಪಾಲಾಗಿ ಬಾಯಿ ಬಿಡುತ್ತಿತ್ತು. ಕಬ್ಬಿಣ ಮುಟ್ಟಿಸಿದರೆ ಅದರ ರುಚಿ ಹೋಗುತ್ತದೆ ಎನ್ನುತ್ತಿದ್ದಳು. ಮಧ್ಯಾಹ್ನ ಆ ಗುದ್ದಿನ ಸದ್ದು ಕೇಳಿದರೆ ಆಯಿ ಊಟಕ್ಕೆ ಕೂತಳು ಎಂದು ಪಕ್ಕದ ಮನೆಯವರಿಗೂ ಗೊತ್ತಾಗುತ್ತಿತ್ತು.

ಈಗ ಹೇಳುವುದು ನನಗೆ ಹತ್ತು ವರ್ಷವಾಗಿದ್ದ ಬೇಸಿಗೆಯ ಮಾತು. ಆ ವರ್ಷ ಬಾವಿಯ ನೀರಿಗೆ ಉಳ್ಳಾಗಡ್ಡಿ ಛಲೋ ಬಂದಿತ್ತು. ಪಡಸಾಲೆಯಲ್ಲಿ ಕಿಟಕಿಯ ಮಟ್ಟಕ್ಕೆ ರಾಶಿ. ಮನೆಯೆಲ್ಲ ಅದರದೇ ಘಾಟು. ಸಾಲಿಯ ಪುಸ್ತಕ ತೆರೆದರೆ ಅದರೊಳಗೂ ಅದೇ. ಸಾಲಿಗೆ ಸೂಟಿ. ನಾನು ರಾಶಿಯ ಮೇಲೆ ಹತ್ತಿ, ಒಣಗಿದ ಗುಲಾಬಿ ಬಣ್ಣದ ಸಿಪ್ಪೆಗಳನ್ನು ಬೊಗಸೆಯಲ್ಲಿ ತುಂಬಿ ಮೇಲಕ್ಕೆ ತೂರುತ್ತಿದ್ದೆ. ಅವು ತೇಲುತ್ತ ಇಳಿಯುವಾಗ ಸುಬೇದಾರ ಹುದ್ದೆಯ ಗಾಂಭೀರ್ಯ ಮರೆತು ಎರಡು ಕಾಲಿನ ಮೇಲೆ ನಿಂತು ಹಿಡಿಯುತ್ತಿದ್ದ. ಇಡೀ ಮಧ್ಯಾಹ್ನ ಅದೇ ಆಟ.

ಒಂದು ದಿನ ಸಿಪ್ಪೆ ತೂರಿದೆ. ಅವನು ನೋಡಿದ, ಏಳಲಿಲ್ಲ. ಮರುದಿನ ನೋಡಲೂ ಇಲ್ಲ. ಚೀಲದ ಮೇಲೆ ಮುದುಡಿಕೊಂಡು ಮಲಗಿದವನು ಜುಣಕದ ವಾಸನೆಗೂ ತಲೆ ಎತ್ತಲಿಲ್ಲ.

ಆಯಿ ಬಂದು ಅವನ ಕಿವಿ ಮುಟ್ಟಿ ನೋಡಿ ತೀರ್ಪು ಕೊಟ್ಟಳು. "ಬಿಸಲ ಝಳ ಬಡದೈತಿ."

ನಮ್ಮ ಸೀಮೆಯಲ್ಲಿ ಬಿಸಿಲು ಬಡಿದರೆ ಏನು ಮಾಡಬೇಕೆಂದು ಹುಟ್ಟಿದ ಕೂಸಿಗೂ ಗೊತ್ತು. ಹೊಲಕ್ಕೆ ಹೋಗುವವನ ಕಿಸೆಯಲ್ಲಿ ಉಳ್ಳಾಗಡ್ಡಿ. ಜ್ವರ ಬಂದವನ ಅಂಗಾಲಿಗೆ ಉಳ್ಳಾಗಡ್ಡಿ. ಎಚ್ಚರ ತಪ್ಪಿದವನ ಮೂಗಿಗೆ ಉಳ್ಳಾಗಡ್ಡಿ. ಕುರುವಿಗೆ ಸುಟ್ಟ ಉಳ್ಳಾಗಡ್ಡಿ. ಇಂಥ ಸಕಲ ರೋಗ ನಿವಾರಕದ ರಾಶಿ ಕಿಟಕಿಯವರೆಗೆ ಬಿದ್ದಿರುವಾಗ ಮನೆಯ ಸದಸ್ಯನೊಬ್ಬ ಔಷಧವಿಲ್ಲದೆ ನರಳುವುದುಂಟೇ? ಆಯಿ ಒಂದು ಗಡ್ಡೆ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ರಸ ತೆಗೆದಳು. ಕುಡಿಸಲು ನನ್ನ ಮಸಿ ಪೆನ್ನಿಗೆ ಮಸಿ ತುಂಬುವ ಫಿಲ್ಲರನ್ನು ತೊಳೆದು ಕೊಟ್ಟೆ.

"ಮುಂಜಾನೆ ಒಂದ ಸಲ. ಒಂದು ಫಿಲ್ಲರ್. ಹೆಚ್ಚಿಗಿ ಬ್ಯಾಡ," ಎಂದಳು ಆಯಿ. "ನಿನ್ನ ಕೈಯಾಗ ಕೊಟ್ಟೇನಿ ನೋಡವ್ವ, ನೀನ ಡಾಕ್ಟರು."

ನಾನು ಆ ಪದವಿಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡೆ. ಮುಂಜಾನೆ ಒಂದು ಸಲ ಕುಡಿಸಿದೆ. ಆಯಿ ಮಧ್ಯಾಹ್ನ ಅಡ್ಡಾದಾಗ ಇನ್ನೊಂದು ಸಲ. ಸಂಜೆ ಅವಳು ದನದ ಕೊಟ್ಟಿಗೆಯಲ್ಲಿದ್ದಾಗ ಮತ್ತೊಂದು ಸಲ. ಒಂದು ಸಲಕ್ಕೆ ಒಂದು ವಾರದಲ್ಲಿ ವಾಸಿಯಾಗುವುದಾದರೆ ಮೂರು ಸಲಕ್ಕೆ ಎರಡೇ ದಿನದಲ್ಲಿ ಆಗಬೇಕು ಎಂದು ನಾನು ಕಲಿತ ಗಣಿತ ಹೇಳುತ್ತಿತ್ತು. ಮೊದಲ ದಿನ ಟವೆಲಿನಲ್ಲಿ ಸುತ್ತಿ ಹಿಡಿದರೂ ಕೊಸರಿಕೊಂಡು ನನ್ನ ಕೈ ಪರಚಿದ. ಮೂರನೆಯ ದಿನ ಕೊಸರುವುದನ್ನು ಬಿಟ್ಟ. ಔಷಧ ಹತ್ತುತ್ತಿದೆ ಎಂದು ನಾನು ತಿಳಿದೆ.

ನಾಲ್ಕನೆಯ ದಿನ ಅವನು ಮಲಗಿದ್ದ ಚೀಲ ಒದ್ದೆಯಾಗಿತ್ತು. ಒದ್ದೆಯಾದ ಕಡೆ ಕಡು ಚಹಾದ ಬಣ್ಣ. ಆಯಿ ಅದನ್ನು ಬಗ್ಗಿ ನೋಡಿದಳು. ರೊಟ್ಟಿಯ ಬುಟ್ಟಿ ಖಾಲಿ ಮಾಡಿ, ತನ್ನ ಹಳೆಯ ಇಳಕಲ್ ಸೀರೆ ಮಡಚಿ ಹಾಸಿ, ಅವನನ್ನು ಮಲಗಿಸಿದಳು.

"ಎಲ್ಲಿಗೆ ಹೊಂಟಿ?" ಎಂದ ಕಾಕಾ.

"ದನದ ದವಾಖಾನಿಗೆ."

"ಬೆಕ್ಕಿಗೆ ದವಾಖಾನಿ? ನನಗ ಜ್ವರ ಬಂದಾಗ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕಿ ಮಲಗಿಸಿದ್ದಿ."

"ನೀ ನೋವಾದ್ರ ಓಣಿ ತುಂಬ ಹೇಳಕೊಂತ ತಿರಗ್ತಿ. ಇದು ಯಾರ ಮುಂದ ಹೇಳಬೇಕು?"

ದವಾಖಾನೆಯ ಅಂಗಳದಲ್ಲಿ ಎರಡು ಎಮ್ಮೆ, ಒಂದು ಕುಂಟುವ ಎತ್ತು ಇದ್ದವು. ಆಯಿ ಬುಟ್ಟಿ ಹೊತ್ತು ಸರದಿಯಲ್ಲಿ ನಿಂತಳು. ನಾನು ಅವಳ ಸೆರಗು ಹಿಡಿದು ನಿಂತೆ. ನಮ್ಮ ಸರದಿ ಬಂದಾಗ ಡಾಕ್ಟರರು ಸುತ್ತ ನೋಡಿದರು.

"ಅಮ್ಮಾರ, ಎಮ್ಮಿ ಎಲ್ಲೈತ್ರಿ?"

"ಬುಟ್ಟ್ಯಾಗ ಐತ್ರಿ."

ಎತ್ತಿನ ಯಜಮಾನ ನಕ್ಕ. ಡಾಕ್ಟರರು ಸೀರೆ ಸರಿಸಿ ನೋಡಿದವರು ನಗಲಿಲ್ಲ. ಸುಬೇದಾರನ ತುಟಿ ಮೇಲೆತ್ತಿ ನಮಗೂ ತೋರಿಸಿದರು. ಒಸಡು ಸುಣ್ಣ ಬಳಿದ ಗೋಡೆಯಂತಿತ್ತು.

"ಮೈಯಾಗ ರಕ್ತನ ಇಲ್ಲಲ್ರಿ. ಏನ ತಿನ್ನಸ್ತೀರಿ ಇದಕ್ಕ?"

"ನಾವು ಉಂಡದ್ದನ್ನ. ರೊಟ್ಟಿ, ಹಾಲು, ಜುಣಕ."

"ಜುಣಕಕ್ಕ ಉಳ್ಳಾಗಡ್ಡಿ ಹಾಕ್ತೀರೇನು?"

"ಉಳ್ಳಾಗಡ್ಡಿ ಇಲ್ಲದ ಜುಣಕ ಎಲ್ಲೆರ ಐತೇನ್ರಿ ಸಾಹೇಬ್ರ?"

ಡಾಕ್ಟರರು ನಿಧಾನವಾಗಿ ಹೇಳಿದರು. "ಅಮ್ಮಾರ, ಉಳ್ಳಾಗಡ್ಡಿ ನಮಗ ಛಲೋ. ಬೆಕ್ಕಿಗೆ ಅದು ವಿಷ. ಹಸೀದ ಇರಲಿ, ಬೇಯಿಸಿದ್ದ ಇರಲಿ, ಅದರ ಮೈಯಾಗಿನ ರಕ್ತ ಒಡೀತೈತಿ. ಬಳ್ಳೊಳ್ಳಿನೂ ಹಂಗ. ಇರಲಿ, ಮದ್ದು ಗಿದ್ದು ಏನರ ಹಾಕೀರೇನು?"

ಆಯಿಯ ಮುಖದಿಂದ ಬಣ್ಣ ಇಳಿದದ್ದನ್ನು ನಾನು ಕಂಡೆ. "ಬಿಸಲ ಬಡದೈತಿ ಅಂತ ಉಳ್ಳಾಗಡ್ಡಿ ರಸ ಹಾಕೀವ್ರಿ. ದಿನಾ ಒಂದ ಸಲ."

"ಒಂದ ಸಲಕ್ಕ ಇಷ್ಟ ಲಗೂನ ಹಿಂಗ ಆಗೂದು ಅನುಮಾನ ರೀ. ಯಾರ ಕುಡಿಸ್ತಿದ್ರು?"

ಫಿಲ್ಲರು ನನ್ನ ಲಂಗದ ಕಿಸೆಯಲ್ಲಿತ್ತು. ನನ್ನ ಬೆರಳುಗಳಿಂದ ಬರುತ್ತಿದ್ದ ವಾಸನೆ ಇಡೀ ದವಾಖಾನೆಯನ್ನು ತುಂಬಿದೆ ಎಂದು ನನಗನ್ನಿಸಿತು. ಕಿಸೆಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದೆ. ಆಯಿ ತಿರುಗಿ ನನ್ನನ್ನು ನೋಡಿದಳು. ಹಾಲು ಉಕ್ಕುತ್ತದೋ ಇಲ್ಲವೋ ಎಂದು ನೋಡುವಷ್ಟೇ ಹೊತ್ತು. ಆಮೇಲೆ ಡಾಕ್ಟರರ ಕಡೆ ಮುಖ ಮಾಡಿದಳು.

"ನಾನ ರೀ. ಮೂರ ಮೂರ ಸಲ ಹಾಕೀನಿ. ವಯಸ್ಸಾತು ನೋಡ್ರಿ, ಹಾಕಿದ್ದು ನೆನಪ ಇರೂದಿಲ್ಲ."

ಮೂರು ಸಲ ಎಂಬುದು ಅವಳಿಗೆ ಯಾವಾಗ ಗೊತ್ತಾಗಿತ್ತೋ ನನಗೆ ಗೊತ್ತಿಲ್ಲ. ಗೊತ್ತೇ ಇರದೆ ಆ ಗಳಿಗೆಯಲ್ಲಿ ನನ್ನ ಮುಖದ ಮೇಲೆ ಓದಿಕೊಂಡಿರಲೂಬಹುದು.

ಡಾಕ್ಟರರು ಒಂದು ಸೂಜಿ ಹಾಕಿ, ಒಂದು ಸಣ್ಣ ಬಾಟಲಿ ಕೊಟ್ಟು, ಪಥ್ಯ ಹೇಳಿದರು. ಉಪ್ಪು ಖಾರ ಇಲ್ಲದೆ ಬೇಯಿಸಿದ ಮೊಟ್ಟೆ, ಇಲ್ಲವೇ ಕೋಳಿಯ ಮೆತ್ತನೆಯ ಚೂರು. ಹಾಲೂ ಬೇಡ, ಬಹಳ ಬೆಕ್ಕುಗಳಿಗೆ ಅದು ಅರಗುವುದಿಲ್ಲ.

"ಸಾಹೇಬ್ರ, ನಮ್ಮದು ಅಂಥಾ ಮನಿ ಅಲ್ರಿ," ಎಂದಳು ಆಯಿ.

"ಮನಿ ನಿಮ್ಮದು ಅಮ್ಮಾರ. ಹಲ್ಲು ಅದರದು. ವಿಭೂತಿ ಹಚ್ಚಿದ್ರ ಹಲ್ಲು ಬದಲಾಗೂದಿಲ್ರಿ."

ಮೊಟ್ಟೆಯ ಹೆಸರು ಕೇಳಿದರೆ ಉಣ್ಣುವ ತಾಟು ಬಿಟ್ಟೇಳುತ್ತಿದ್ದ ಆಯಿ ಅಂದು ಸಂಜೆ ಪಕ್ಕದ ಓಣಿಯ ಹುಸೇನಬಿಯ ಬಾಗಿಲಿಗೆ ತಾನೇ ಹೋದಳು. ಹುಸೇನಬಿ ತನ್ನ ಒಲೆಯಲ್ಲಿ ಬೇಯಿಸಿ, ಸುಲಿದು, ಎಲೆಯಲ್ಲಿ ಸುತ್ತಿ ಕೊಟ್ಟಳು. ಆಯಿ ಹೊರಗಿನ ಕಟ್ಟೆಯ ಮೇಲೆ ಕೂತು, ಅದನ್ನು ತನ್ನ ಬೆರಳಿಂದಲೇ ಕಿವುಚಿ ಸುಬೇದಾರನ ಬಾಯಿಗೆ ಹಿಡಿದಳು. ಹೋಗಿ ಬರುವವರೆಲ್ಲ ನೋಡಿದರು. ಅವಳು ಸೆರಗು ಮರೆ ಮಾಡಲಿಲ್ಲ. ಅವನು ಎರಡು ಚಿಟಿಕೆಯಷ್ಟು ನೆಕ್ಕಿದ. ಆಯಿ ಎದ್ದು ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬಂದಳು. ಹೀಗೆ ಮೂರು ದಿನ.

ನಾಲ್ಕನೆಯ ಮಧ್ಯಾಹ್ನ ಸುಬೇದಾರ ಪಡಸಾಲೆಯಲ್ಲಿ, ರಾಶಿಯ ಪಕ್ಕದಲ್ಲಿ, ತೀರಿಕೊಂಡ. ಕಾಕಾ ಕೊಟ್ಟಿಗೆಯ ಹಿಂದೆ ಗುಂಡಿ ತೋಡಿದ. ಎಲ್ಲದಕ್ಕೂ ಒಂದು ಚೇಷ್ಟೆಯ ಮಾತಾಡುವವನು ಅಂದು ಸನಿಕೆ ತೊಳೆದಿಟ್ಟು ಹೊಲಕ್ಕೆ ಹೋದ.

ಅಂದು ರಾತ್ರಿ ಊಟಕ್ಕೆ ಕೂತಾಗ ಅವ್ವ ಆಯಿಯ ತಾಟಿನ ಪಕ್ಕ ಎಂದಿನಂತೆ ಒಂದು ಗಡ್ಡೆ ಇಟ್ಟಳು. ಆಯಿ ಅದನ್ನು ತೆಗೆದು ರಾಶಿಯ ಮೇಲೆ ಹಾಕಿ ಬಂದಳು.

"ಯಾಕ್ರೀ ಅತ್ತಿ?"

"ಬಿಟ್ಟೇನಿ."

ಅಷ್ಟೇ. ಕಾರಣ ಹೇಳಲಿಲ್ಲ. ಜುಣಕ, ಪಲ್ಯ, ಸಾರು, ಯಾವುದರಲ್ಲಿ ಉಳ್ಳಾಗಡ್ಡಿ ಬಿದ್ದರೂ ಅದನ್ನು ಮುಟ್ಟಲಿಲ್ಲ. ಕಾರಣ ಹೇಳದಿದ್ದರೆ ಊರು ಸುಮ್ಮನಿರುತ್ತದೆಯೇ? ಯಾವುದೋ ದೊಡ್ಡ ವ್ರತ ಹಿಡಿದಿದ್ದಾಳೆ ಎಂದಿತು. ಮೊಟ್ಟೆ ಮುಟ್ಟಿದ್ದಕ್ಕೆ ಪ್ರಾಯಶ್ಚಿತ್ತ ಎಂದರು ಕೆಲವರು. ವರ್ಷಗಳು ಉರುಳಿದಂತೆ ಆಯಿ ಓಣಿಯ ಹೆಂಗಸರ ಕಣ್ಣಲ್ಲಿ ತಪಸ್ವಿನಿಯೇ ಆದಳು; ಹೊಸ ಸೊಸೆಯರನ್ನು ಕರೆತಂದು ಕಾಲಿಗೆ ಬೀಳಿಸುತ್ತಿದ್ದರು. ಆಯಿ ತಲೆ ಮುಟ್ಟಿ ಆಶೀರ್ವಾದ ಮಾಡಿ, ಒಳಗೆ ಹೋಗಿ ಶೇಂಗಾ ಚಟ್ನಿ ಹಚ್ಚಿಕೊಂಡು ಒಣ ರೊಟ್ಟಿ ಉಣ್ಣುತ್ತಿದ್ದಳು. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಿದಳು.

ನನ್ನ ಮದುವೆ ಗೊತ್ತಾದ ವರ್ಷ ಒಮ್ಮೆ ಧೈರ್ಯ ಮಾಡಿ ಬಾಯಿ ತೆಗೆದಿದ್ದೆ. "ಆಯಿ, ಅವತ್ತು ದನದ ದವಾಖಾನ್ಯಾಗ..."

"ರೊಟ್ಟಿ ಆರತಾವು," ಎಂದಳು ಆಯಿ. "ಮೊದಲ ಉಣ್ಣು."

ಈಗ ನಾನು ಕೊಪ್ಪಳದಲ್ಲಿದ್ದೇನೆ. ಮಗಳು ಒಂದು ಬೆಕ್ಕು ಸಾಕಿದ್ದಾಳೆ. ಅದಕ್ಕೆ ಪೊಟ್ಟಣದ ಊಟ, ಅಳತೆಯ ಬಟ್ಟಲು. ನಾವು ತಿನ್ನುವುದನ್ನು ಅದಕ್ಕೆ ಕೊಡಬಹುದೇ ಎಂದು ಕೇಳಿದರೆ ಫೋನು ಅರೆ ನಿಮಿಷದಲ್ಲಿ ಪಟ್ಟಿ ಓದುತ್ತದೆ: ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡದು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ ತುಸು ನಡೆಯುತ್ತದೆ. ಎಲ್ಲವೂ ಸರಿಯಾಗಿದೆ. ಅಂದು ಇಷ್ಟು ಗೊತ್ತಿದ್ದರೆ ಸುಬೇದಾರ ಇನ್ನೂ ಕೆಲವು ವರ್ಷ ಅಧಿಕಾರದಲ್ಲಿರುತ್ತಿದ್ದ. ಹಳೆಯ ಕಾಲ ಒಳ್ಳೆಯದಿತ್ತು ಎಂದು ಹೇಳುವ ಬಾಯಿ ನನಗಿಲ್ಲ.

ಹಿರಿಯರ ಅಮಾವಾಸ್ಯೆಗೆ ಊರಿಗೆ ಹೋಗುತ್ತೇನೆ. ತೀರಿಹೋದವರಿಗೆ ಅವರವರು ಇಷ್ಟಪಟ್ಟದ್ದನ್ನು ಎಡೆ ಇಡುವ ದಿನ. ಕಾಕಾನ ಸೊಸೆ ಆಯಿಯ ಎಡೆಯನ್ನು ಮಡಿಯಿಂದ ಬೇರೆಯೇ ಮಾಡುತ್ತಾಳೆ. "ನಮ್ಮ ಆಯಿಗೆ ಉಳ್ಳಾಗಡ್ಡಿ ನಡಿಯೂದಿಲ್ಲ," ಎಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಾಳೆ. ಆಕೆ ಬಂದದ್ದು ಆಮೇಲೆ. ಆ ಗುದ್ದಿನ ಸದ್ದು ಕೇಳಿದವಳಲ್ಲ. ಒಂದು ಮಾತು ಹೇಳಿದರೆ ಆ ಎಡೆಗೆ ಒಂದು ಗಡ್ಡೆ ಸೇರುತ್ತದೆ. ಆದರೆ ಆ ಮಾತು ಹೇಳಿದರೆ ಆಯಿ ಅಷ್ಟು ವರ್ಷ ತನ್ನ ಮೇಲೆ ಇಟ್ಟುಕೊಂಡದ್ದನ್ನು ನಾನು ಅವಳಿಂದ ಕಸಿದುಕೊಂಡಂತೆ ಎನ್ನಿಸಿ, ಕೈ ಮುಗಿದು ಸುಮ್ಮನೆ ನಿಲ್ಲುತ್ತೇನೆ. ಸುತ್ತ ಮನೆಯವರೆಲ್ಲ ಇರುತ್ತಾರೆ, ಒಳ್ಳೆಯವರೇ. ಬೇರೆಯವರ ತಪ್ಪನ್ನು ತನ್ನದೆಂದು ಹೇಳಿ, ಅದನ್ನು ದಿನಕ್ಕೆರಡು ಹೊತ್ತು ತನ್ನ ತಾಟಿನಲ್ಲಿ ಸುಮ್ಮನೆ ಉಂಡು ಮುಗಿಸುವವರು ನಮ್ಮಲ್ಲಿ ಈಗ ಯಾರೂ ಇಲ್ಲ. ನಾನೂ ಅಲ್ಲ.