ಪಖವಾಜಕ್ಕೆ ಮೆತ್ತಿದ ಹಿಟ್ಟು

ಗೆಳೆಯರೇ, ಭಜನೆಗೆಂದು ಒಯ್ದಿದ್ದ ನಮ್ಮ ಪಖವಾಜವನ್ನು ಪಕ್ಕದ ಮನೆಯ ಶೋಭಾ ಇವತ್ತು ಮಧ್ಯಾಹ್ನ ತಂದುಕೊಟ್ಟರು. ನಾದಕ್ಕಾಗಿ ಎಡಬದಿಯ ಚರ್ಮಕ್ಕೆ ಮೆತ್ತಿದ್ದ ಗೋದಿಹಿಟ್ಟು ಹಾಗೇ ಇತ್ತು. ಎಪ್ಪತ್ತರ ದಶಕದಲ್ಲಿ ಅಪ್ಪ ಖಾನಾಪುರದಲ್ಲಿ ಒಂದೊಂದನ್ನೇ ತಟ್ಟಿ ನೋಡಿ ಆರಿಸಿ ತಂದ, ಹಲಸಿನ ಮರದ ವಾದ್ಯವದು.

"ಬಾರಿಸಿದ ಮ್ಯಾಲೆ ಹಿಟ್ಟು ಕೆರದು ತಗೀಬೇಕ್ರೀ! ಇಲಿ ಚರ್ಮಾನೂ ತಿಂತಾವ" ಎಂದು ರೇಗಿದೆ.

ಒಳಗಿನಿಂದ ಅವ್ವ ಕೂಗಿದಳು: "ಆಕೀಗ್ಯಾಕ ಬೈತಿ? ಅದನ್ನ ತಂದ ವಾರದಾಗ ನೀನೂ ಹಿಟ್ಟು ಹಂಗ ಬಿಟ್ಟಿದ್ದಿ. ಇಲಿ ತಿಂದಿದ್ದು ಮರತಿಯೇನು?"

ಮರೆತಿರಲಿಲ್ಲ. ಅಂದು ಅಪ್ಪ ಹರಿದ ಚರ್ಮ ಸವರಿ, "ಇರ್ಲಿ ಬಿಡು, ಕಟ್ಟಿಗಿ ಗಟ್ಟಿ ಐತಿ. ಹೊಸಾ ಚರ್ಮ ಹಾಕ್ಸೂಣು" ಎಂದಷ್ಟೇ ಹೇಳಿದ್ದರು.

ಹಿಟ್ಟನ್ನು ನಾನೇ ಕೆರೆದು ತೆಗೆದೆ, ಶೋಭಾಗೆ ಚಹಾ ಕೊಟ್ಟೆ. ಚರ್ಮ ಉಳಿಯಿತು. ನನ್ನ ಮರ್ಯಾದೆಯನ್ನು ಮಾತ್ರ ಅವ್ವ ಉಳಿಸಲಿಲ್ಲ.