ಅತ್ತಿಗೆಯ ಗೊಬ್ಬರದ ರಾಶಿ

ನನ್ನ ಅತ್ತಿಗೆಗೆ ಒಂದು ಅಭ್ಯಾಸ. ನೆಂಟರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಒಗೆಯದ ಬಟ್ಟೆ, ಮಡಿಸದ ಬಟ್ಟೆ, ಅಣ್ಣನ ಹರಕು ಬನಿಯನ್ನು, ಎಲ್ಲವನ್ನೂ ಮಂಚದ ಮೇಲೆ ಗುಡ್ಡೆ ಹಾಕಿ ಹೂವಿನ ಹೊದಿಕೆ ಎಳೆದುಬಿಡುತ್ತಾಳೆ. ಅಂಚನ್ನು ಹಾಸಿಗೆಯಡಿಗೆ ಬಿಗಿಯಾಗಿ ಸಿಕ್ಕಿಸಿ, ಅದರ ಪಕ್ಕದಲ್ಲೇ ನೆಂಟರನ್ನು ಕೂರಿಸಿ ನಗುನಗುತ್ತಾ ಮಾತಾಡುತ್ತಾಳೆ. ಈ ಅಭ್ಯಾಸ ನಮ್ಮ ಗೊಬ್ಬರದ ಶೆಡ್ಡಿಗೇ ಬೀಗ ಹಾಕಿಸುವುದರಲ್ಲಿತ್ತು.

ನಾವಿಬ್ಬರೂ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರು. ಉಳಿದು ಕೊಳೆತ ತರಕಾರಿಯನ್ನೆಲ್ಲ ಹಿಂದಿನ ಕಾಲುವೆಗೆ ತಳ್ಳುವುದು ಅಲ್ಲಿನ ವಾಡಿಕೆಯಾಗಿತ್ತು. ಕಾಲುವೆ ಕಟ್ಟಿಕೊಂಡು ಕೊಳಕು ನೀರು ಕೆಳಗಿನ ಓಣಿಗೆ ನುಗ್ಗುತ್ತಿತ್ತು. ನಮ್ಮ ಮನೆ ಇರುವುದು ಆ ಓಣಿಯಲ್ಲೇ. ಸಂಸ್ಥೆಯೊಂದರ ಹುಡುಗಿ ಬಂದು, "ಈ ಕಸದಿಂದ ಗೊಬ್ಬರ ಮಾಡೋದು ಕಲಿಸ್ತೀನಿ, ಯಾರು ಬರ್ತೀರಿ?" ಎಂದಾಗ ಎಲ್ಲರೂ ಮೂಗು ಮುರಿದರು.

"ಹೇಗೂ ನಮ್ಮನೆಗೇ ಬರೋ ಕಸ ತಾನೆ? ನಾವೇ ಹೋಗಿ ಎದುರುಗೊಳ್ಳೋಣ ಬಾ," ಎಂದು ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕೈ ಹಿಡಿದು ಎಳೆದಳು. ನಮ್ಮ ಹಿಂದೆ ಇನ್ನಷ್ಟು ಹೆಂಗಸರು ಬಂದರು. ಪುರಸಭೆ ಗೊಬ್ಬರದ ಶೆಡ್ಡಿಗೆಂದು ಹಳೇ ಗೋದಾಮು ಕೊಟ್ಟಿತು. ಹಸಿ ಕಸ, ಒಣ ಎಲೆ, ಮತ್ತೆ ಹಸಿ ಕಸ ಎಂದು ಪದರ ಹಾಕುವುದು, ಸಲಿಕೆಯಿಂದ ಮಗುಚುವುದು, ಇದೇ ನಮ್ಮ ಕೆಲಸವಾಯಿತು. ಮುಂದಿನ ಮಳೆಗಾಲದಲ್ಲಿ ನೀರು ನಮ್ಮ ಹೊಸ್ತಿಲು ದಾಟಲಿಲ್ಲ. ಅತ್ತಿಗೆಯ ಬಗ್ಗೆ ನನಗೆ ಬೆಟ್ಟದಷ್ಟು ಹೆಮ್ಮೆ. ಅದನ್ನು ಮುಚ್ಚಿಡುವುದೇಕೆ?

ಅಸಮಾಧಾನ ಇದ್ದದ್ದು ಶೆಡ್ಡಿನ ಎದುರುಮನೆಯ ನಿವೃತ್ತ ಮೇಷ್ಟ್ರಿಗೆ. ಬೀದಿ ಕಡೆಯ ಕಿಟಕಿಯನ್ನು ಶೆಡ್ಡು ಶುರುವಾದ ದಿನ ಮುಚ್ಚಿದವರು ಮತ್ತೆ ತೆರೆದೇ ಇರಲಿಲ್ಲ. ತೆರೆಯದೆಯೇ ನಾತ ಬರುತ್ತದೆಂದು ದೂರು ಕೊಟ್ಟರು. ಶನಿವಾರ ನಾನೇ ಬರುತ್ತೇನೆ, ನಾತವಿದ್ದರೆ ಗೋದಾಮಿಗೆ ಬೀಗ ಹಾಕಿಸುತ್ತೇನೆ ಎಂದು ಪುರಸಭೆಯ ಅಧ್ಯಕ್ಷೆ ಹೇಳಿ ಕಳಿಸಿದರು. ಬೀಗ ಬಿದ್ದರೆ ಕಸ ಮತ್ತೆ ಕಾಲುವೆಗೆ, ಕಾಲುವೆ ಮತ್ತೆ ನಮ್ಮ ಅಡುಗೆಮನೆಗೆ.

ದೊಡ್ಡವರು ಬರುತ್ತಾರೆಂದರೆ ಅತ್ತಿಗೆ ಸುಮ್ಮನಿರುತ್ತಾಳೆಯೇ? ಸೋಮವಾರವೇ ನೆಲ ತೊಳೆಸಿದಳು. ಹೊಸ ನೀಲಿ ಟಾರ್ಪಾಲಿನ್ ತರಿಸಿ ಕೊಳೆಯುತ್ತಿದ್ದ ರಾಶಿಗಳ ಮೇಲೆಲ್ಲ ಹೊದಿಸಿ, ಅಂಚುಗಳನ್ನು ನಾಲ್ಕೂ ಕಡೆ ಬಿಗಿಯಾಗಿ ಸಿಕ್ಕಿಸಿ, ಮೇಲೆ ಕಲ್ಲು ಹೇರಿದಳು. "ನೋಡು, ಈಗ ಹೇಗೆ ಲಕ್ಷಣವಾಗಿದೆ!" ಎಂದಳು. ನಿಜಕ್ಕೂ ಲಕ್ಷಣವಾಗಿತ್ತು. ನಾವೆಲ್ಲ ತಲೆಯಾಡಿಸಿದೆವು, ಸಲಿಕೆಗಳನ್ನು ತೊಳೆದು ಗೋಡೆಗೆ ಒರಗಿಸಿದೆವು.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದರೆ ಗಪ್ಪನೆ ಬಡಿಯುವ ನಾತ! ಮೇಷ್ಟ್ರು ಮೂಗಿಗೆ ಟವೆಲು ಹಿಡಿದು ಜಗಲಿಗೆ ಬಂದರು. "ನಾನು ಹೇಳಿದ್ದು ಸುಳ್ಳಾ ಈಗ?" ಎಂದರು. ಗಾಳಿಯಿಲ್ಲದೆ ರಾಶಿ ಉಸಿರುಗಟ್ಟಿ ಹಳಸಿತ್ತು. ಅತ್ತಿಗೆ ನೆಲದ ಮೇಲೆ ಕುಸಿದು ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಅತ್ತದ್ದು ಸ್ವಲ್ಪ ಹೊತ್ತು ಮಾತ್ರ. ಎದ್ದವಳೇ ಕಲ್ಲುಗಳನ್ನು ಒದ್ದು ಟಾರ್ಪಾಲಿನ್ ಕಿತ್ತೆಸೆದಳು. "ಬರೋರು ಬರ್ಲಿ, ಇರೋದನ್ನೇ ನೋಡ್ಲಿ. ಸಲಿಕೆ ತಗೊಳ್ರೇ!"

ಬಡಗಿ ಮರದ ಹೊಟ್ಟು ಕೊಟ್ಟ. ಶಾಲೆಯ ಅಂಗಳದ ಒಣ ಎಲೆಯೆಲ್ಲ ನಮ್ಮ ಚೀಲ ಸೇರಿತು. ಮಗುಚಿದೆವು, ಮತ್ತೆ ಮಗುಚಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಸೊಂಟ ಬಿದ್ದುಹೋಯಿತು. ಶುಕ್ರವಾರಕ್ಕೆ ನಾತ ಇಳಿಯಿತು. ಶನಿವಾರ ಅಧ್ಯಕ್ಷೆ ಬಂದಾಗ ನಮ್ಮ ಕೈಯಲ್ಲಿ ಸಲಿಕೆ, ತಲೆಯ ತುಂಬ ಹೊಟ್ಟು. ರಾಶಿಗಳು ಬರಿಮೈಯಲ್ಲಿ ಬಿಸಿ ಹಬೆ ಬಿಡುತ್ತಿದ್ದವು.

ಅಧ್ಯಕ್ಷೆ ಮೂಗಿನ ಬಳಿ ಹಿಡಿದಿದ್ದ ಕರ್ಚೀಫು ನಿಧಾನವಾಗಿ ಕೆಳಗಿಳಿಯಿತು. ಅವರು ಮೇಷ್ಟ್ರನ್ನು ಕರೆಸಿದರು. "ಹೇಳಿ, ನಾತ ಬರುತ್ತಾ?"

ಮೇಷ್ಟ್ರು ಗಟ್ಟಿಯಾಗಿ ಉಸಿರೆಳೆದರು. "ಬುಧವಾರ ತಡೆಯೋಕೆ ಆಗ್ಲಿಲ್ಲ," ಎಂದರು. ಇನ್ನೊಮ್ಮೆ ಉಸಿರೆಳೆದು, "ಇವತ್ತು ಮಣ್ಣಿನ ವಾಸನೆ ಅಷ್ಟೇ," ಎಂದರು.

"ಬುಧವಾರ ಏನಾಗಿತ್ತಮ್ಮ?" ಅಧ್ಯಕ್ಷೆ ಅತ್ತಿಗೆಯತ್ತ ತಿರುಗಿದರು.

ಅತ್ತಿಗೆ ತಡವರಿಸಲಿಲ್ಲ. "ನಿಮ್ಮಿಂದಾನೇ ಆಗಿದ್ದು ಮೇಡಂ. ನೀವು ಬರ್ತೀರಂತ ಚೆಂದ ಕಾಣ್ಲಿ ಅಂತ ಮುಚ್ಚಿಟ್ಟೆ. ಅದಕ್ಕೇ ನಾರಿತು."

ಅಧ್ಯಕ್ಷೆ ಬಿದ್ದು ಬಿದ್ದು ನಕ್ಕರು. "ಹಾಗಾದ್ರೆ ಇನ್ಮೇಲೆ ಹೇಳದೇ ಬರ್ತೀನಿ," ಎಂದರು. ಗೋದಾಮು ನಮ್ಮದಾಗಿಯೇ ಉಳಿಯಿತು. ಊರಲ್ಲಿ ಶುರುವಾಗಿದ್ದ ಹೊಸ ಮಾರುಕಟ್ಟೆಯ ಕಸವನ್ನೂ ನಮಗೇ ಕೊಡಲು ಅಲ್ಲೇ ಒಪ್ಪಿದರು. ನಾವು ಸಲಿಕೆ ಎಸೆದು ಮಕ್ಕಳಂತೆ ಕುಣಿದೆವು.

ಸಂಜೆ ಎದುರುಮನೆಯಲ್ಲಿ ದಡಬಡ ಸದ್ದು. ಮೇಷ್ಟ್ರ ಕಿಟಕಿ ಮುಚ್ಚಿಯೇ ಇದ್ದು ಬಿಗಿದುಹೋಗಿತ್ತು. ಅತ್ತಿಗೆ ಬೀದಿ ದಾಟಿ ಕಿಟಕಿಯ ಕದ ಹಿಡಿದು ಜೋರಾಗಿ ಎಳೆದಳು, ಮೇಷ್ಟ್ರು ಒಳಗಿನಿಂದ ತಳ್ಳಿದರು. ತೆರೆದ ಕಿಟಕಿಯಿಂದ ಮೇಷ್ಟ್ರ ಮುಖ ಕಾಣಿಸಿತು. "ಹೂವಿನ ಕುಂಡಕ್ಕೆ ಒಂದ್ ಚೀಲ ಸಿಗುತ್ತೇನಮ್ಮ?" ಎಂದು ಮೆಲ್ಲಗೆ ಕೇಳಿದರು.

ಮೊನ್ನೆ ಮನೆಗೆ ನೆಂಟರು ಬಂದರು. ಮಂಚದ ಮೇಲೆ ಬಟ್ಟೆಯ ಗುಡ್ಡೆ ಹಾಗೇ ಬಿದ್ದಿತ್ತು. ಅಣ್ಣ ನಾಚಿಕೆಯಿಂದ ಹೂವಿನ ಹೊದಿಕೆಗೆ ಕೈ ಹಾಕಿದ.

"ಬಿಡ್ರೀ," ಎಂದಳು ಅತ್ತಿಗೆ, "ಗಾಳಿ ಆಡ್ಲಿ."